ನಾಬ್ ತಿರುಗಿಸಿದರೂ ಬೇಸ್ ಸರಿಹೋಗುತ್ತಿಲ್ವಾ? ವೂಫರ್ ಫಿಲ್ಟರ್ ಬೋರ್ಡಿನ ದೋಷ ಹುಡುಕುವ ದಾರಿ

ತುಮಕೂರು, ಗುಬ್ಬಿ, ತಿಪಟೂರು ಕಡೆ ಮದುವೆಗೆ, ಜಾತ್ರೆಗೆ, ಗಣೇಶನ ಪೆಂಡಾಲಿಗೆ ಸೌಂಡ್ ಬಾಡಿಗೆಗೆ ಕೊಡುವವರ ಹತ್ತಿರ ಕೈಯಲ್ಲೇ ಕಟ್ಟಿದ ವೂಫರ್ ಫಿಲ್ಟರ್ ಬೋರ್ಡ್ (ಬೇಸ್ ಮಾತ್ರ ವೂಫರಿಗೆ ಬಿಟ್ಟು, ಮೇಲಿನ ಸ್ವರ ತಡೆಯುವ ಬೋರ್ಡ್) ಒಂದಾದರೂ ಇರುತ್ತದೆ. ಇಂಜಿನಿಯರಿಂಗ್, ಡಿಪ್ಲೊಮಾ ಓದುವ ಹುಡುಗರೂ ಮಿನಿ ಪ್ರಾಜೆಕ್ಟಿಗೆ ಇದನ್ನೇ ಕಟ್ಟುತ್ತಾರೆ. ಕೆಟ್ಟಾಗ ಎಲ್ಲರೂ ಮೊದಲು ಕೈ ಹಾಕುವುದು ಐಸಿಗೆ. ಅದನ್ನು ಬದಲಾಯಿಸಿ, ಸರಿಹೋಗದೆ, ಇನ್ನೊಂದು ತರೋಕೆ ಬೆಂಗಳೂರಿನ ಎಸ್‌ಪಿ ರೋಡಿಗೆ ಬಸ್ ಹತ್ತುತ್ತಾರೆ. ನಾನು ನೋಡಿದ ಬೋರ್ಡುಗಳಲ್ಲಿ ಐಸಿ ಕೆಟ್ಟಿದ್ದು ಕಡಿಮೆ. ಸಪ್ಲೈ, ಪಾಟ್ (ನಾಬಿನ ಹಿಂದೆ ಇರುವ, ತಿರುಗಿಸಿದಂತೆ ಬೆಲೆ ಬದಲಾಗುವ ರೆಸಿಸ್ಟರ್), ಕೆಪಾಸಿಟರ್, ಸೋಲ್ಡರ್, ಇವುಗಳಲ್ಲೇ ತಪ್ಪು ಸಿಕ್ಕಿದ್ದು ಜಾಸ್ತಿ.

ಇನ್ನೊಂದು ಮಾತು. ಆಸಿಲೋಸ್ಕೋಪ್ ಇಲ್ಲ ಅಂತ ಚಿಂತೆ ಬೇಡ. ಈ ಬೋರ್ಡಿನಲ್ಲಿ ನಾಬ್ ಇದೆಯಲ್ಲ, ಅದೇ ನಿಮ್ಮ ಮೊದಲ ಟೆಸ್ಟ್ ಸಲಕರಣೆ. ಯಾವ ತೊಂದರೆ ಬಂದರೂ ಮೊದಲು ನಾಬ್ ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ. ತೊಂದರೆ ಅದರ ಜೊತೆ ಬದಲಾಗುತ್ತದಾ, ಇಲ್ವಾ? ಇದಕ್ಕೆ ಉತ್ತರ ಸಿಕ್ಕರೆ ಹುಡುಕುವ ಜಾಗ ಅರ್ಧಕ್ಕೆ ಇಳಿಯುತ್ತದೆ.

ಯಾವ ಸರ್ಕ್ಯೂಟ್ ಇಟ್ಟುಕೊಂಡು ಮಾತಾಡ್ತಿದ್ದೀನಿ

ಬೋರ್ಡುಗಳು ಹತ್ತಾರು ಥರ ಇರುತ್ತವೆ. ಒಂದನ್ನು ಹಿಡಿದುಕೊಳ್ಳೋಣ. ಐಸಿ ಟಿಎಲ್ 072. ಅದರ ಒಳಗೆ ಎರಡು ಆಪ್‌ಆಂಪ್, ಅಂದರೆ ಸಣ್ಣ ಆಂಪ್ಲಿಫೈಯರ್. ಮೊದಲನೆಯದು (ಪಿನ್ 1, 2, 3) ಬಫರ್, ಸಿಗ್ನಲ್ಲನ್ನು ಇದ್ದ ಹಾಗೇ ಮುಂದೆ ಕೊಡುವ ಹಂತ: ಒಳಬರುವ ಸಿಗ್ನಲ್ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ದಾಟಿ ಪಿನ್ 3ಕ್ಕೆ ಬರುತ್ತದೆ, ಅಲ್ಲಿಂದ ಗ್ರೌಂಡಿಗೆ ಒಂದು 100 ಕೆ (ಕಿಲೋ ಓಮ್) ರೆಸಿಸ್ಟರ್. ಎರಡನೆಯದು (ಪಿನ್ 5, 6, 7) ಫಿಲ್ಟರ್. ಬಫರಿನಿಂದ ಪಿನ್ 5ಕ್ಕೆ ಹೋಗುವ ದಾರಿಯಲ್ಲಿ ಒಂದರ ಹಿಂದೆ ಒಂದು ಎರಡು ರೆಸಿಸ್ಟೆನ್ಸ್. ಪ್ರತಿಯೊಂದರಲ್ಲೂ 12 ಕೆ ರೆಸಿಸ್ಟರ್ ಮತ್ತು ಡಬಲ್ ಪಾಟಿನ (ಒಂದೇ ನಾಬಿಗೆ ತಿರುಗುವ ಎರಡು ಪಾಟ್) 50 ಕೆ ಭಾಗ ಒಂದೊಂದು. ಎರಡೂ ರೆಸಿಸ್ಟೆನ್ಸ್ ಸೇರುವ ನಡುವಿನ ಜಾಗದಿಂದ ಪಿನ್ 7ಕ್ಕೆ ಒಂದು 68 ನ್ಯಾನೋಫ್ಯಾರಡ್ ಕೆಪಾಸಿಟರ್, ಪಿನ್ 5ರಿಂದ ಗ್ರೌಂಡಿಗೆ ಇನ್ನೊಂದು. ಪಿನ್ 7ರಿಂದ 6ಕ್ಕೆ 27 ಕೆ, 6ರಿಂದ ಗ್ರೌಂಡಿಗೆ 47 ಕೆ. ಸಪ್ಲೈ ಪ್ಲಸ್ 12, ಮೈನಸ್ 12 ವೋಲ್ಟ್. ಇದಕ್ಕೆ ಸ್ಯಾಲೆನ್-ಕೀ ಫಿಲ್ಟರ್ ಅನ್ನುತ್ತಾರೆ. ಸ್ಯಾಲೆನ್ ಮತ್ತು ಕೀ ಅನ್ನುವ ಇಬ್ಬರು 1955ರಲ್ಲಿ ಇದನ್ನು ಬರೆದು ತೋರಿಸಿದರು, ಇವತ್ತಿಗೂ ಇದೇ ಓಡುತ್ತಿದೆ.

ಫಿಲ್ಟರ್ ಯಾವ ಫ್ರೀಕ್ವೆನ್ಸಿಯಿಂದ ಮೇಲೆ ತಡೆಯಲು ಶುರುಮಾಡುತ್ತದೋ ಅದು ಕಟ್‌ಆಫ್. ಅದರ ಲೆಕ್ಕ ಸುಲಭ. ಒಂದನ್ನು 2 ಪೈ ಆರ್ ಸಿ ಇಂದ ಭಾಗಿಸಿ (ಆರ್ ಅಂದರೆ ಒಂದು ರೆಸಿಸ್ಟೆನ್ಸ್, ಸಿ ಅಂದರೆ 68 ನ್ಯಾನೋ ಕೆಪಾಸಿಟರ್). ಪಾಟ್ ಪೂರ್ತಿ ಸೊನ್ನೆಗೆ ಬಂದಾಗ ಆರ್ 12 ಕೆ, ಕಟ್‌ಆಫ್ 195 ಹರ್ಟ್ಜ್. ಪೂರ್ತಿ 50 ಕೆ ಇದ್ದಾಗ ಆರ್ 62 ಕೆ, ಕಟ್‌ಆಫ್ 38 ಹರ್ಟ್ಜ್. ಈ ಎರಡು ಅಂಕಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ಬೋರ್ಡಿನ ಬೆಲೆಗಳು ಬೇರೆ ಇದ್ದರೆ ನಿಮ್ಮ ಅಂಕಿ ಲೆಕ್ಕ ಹಾಕಿ. ಬೋರ್ಡ್ ಏನು ಮಾಡಬೇಕು ಅಂತ ಗೊತ್ತಿಲ್ಲದೆ ಏನು ಮಾಡ್ತಿಲ್ಲ ಅಂತ ಹೇಳೋಕಾಗಲ್ಲ.

ಕೈ ಹಾಕುವ ಮುಂಚೆ

ಫಿಲ್ಟರ್ ಬೋರ್ಡಿನಲ್ಲಿ ಇರುವುದು ಬರೀ 12 ವೋಲ್ಟ್, ಅದರಿಂದ ಏನೂ ಆಗಲ್ಲ. ಆದರೆ ಅದೇ ಡಬ್ಬಿಯೊಳಗೆ ಟ್ರಾನ್ಸ್‌ಫಾರ್ಮರಿಗೆ 230 ವೋಲ್ಟ್ ಬರುತ್ತಿರುತ್ತದೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಹೊರಗೆ ಕಣ್ಣಿಗೆ ಕಾಣುವಂತೆ ಇಡಿ. ಪವರ್ ಆಂಪ್ಲಿಫೈಯರ್ ಜೊತೆಗಿದ್ದರೆ ಅದರ ದೊಡ್ಡ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ಚಾರ್ಜ್ ಹಿಡಿದಿರುತ್ತವೆ. ಮೀಟರಿನಲ್ಲಿ ಅಳೆದು, ಕೆಲವು ವೋಲ್ಟಿಗೆ ಇಳಿದ ಮೇಲೆ ಮುಟ್ಟಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಿ ಕಿಡಿ ಹಾರಿಸುವ ಅಭ್ಯಾಸ ಬಿಡಿ.

ಟೆಸ್ಟ್ ಮಾಡುವಾಗ ಸ್ಪೀಕರ್ ವೈರ್ ತೆಗೆದಿಡಿ. ಫಿಲ್ಟರ್ ಹುಚ್ಚೆದ್ದು ಡಿಸಿ ಕಳಿಸಿದರೆ, ಕೆಲವು ಆಂಪ್ಲಿಫೈಯರುಗಳು ಅದನ್ನು ನೇರ ವೂಫರಿಗೆ ದಾಟಿಸುತ್ತವೆ. ವಾಯ್ಸ್ ಕಾಯಿಲ್ ಸುಡಲು ಜಾಸ್ತಿ ಹೊತ್ತು ಬೇಕಿಲ್ಲ.

“ಸದ್ದೇ ಬರ್ತಿಲ್ಲ”

ಮೊದಲು ಕೇಬಲ್ ಬದಲಾಯಿಸಿ. ಹೌದು, ಅದೇ. ಪೆಂಡಾಲಿನಲ್ಲಿ ತುಳಿಸಿಕೊಂಡ ಕೇಬಲ್ಲಿನ ಜಾಕ್ ಒಳಗೆ ವೈರ್ ಬಿಟ್ಟಿರುವುದು ತುಂಬಾ ಸಾಮಾನ್ಯ.

ಕೇಬಲ್ ಸರಿ ಇದ್ದರೆ ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಕಪ್ಪು ಮೊನೆಯನ್ನು ಬೋರ್ಡಿನ ಗ್ರೌಂಡಿಗೆ ಹಿಡಿಯಿರಿ. ಪಿನ್ 8ರಲ್ಲಿ ಪ್ಲಸ್ 12, ಪಿನ್ 4ರಲ್ಲಿ ಮೈನಸ್ 12 ಬರಬೇಕು. ಐಸಿ ಸಾಕೆಟ್ ಮೇಲೆ ಅಲ್ಲ, ಐಸಿಯ ಕಾಲಿನ ಮೇಲೆಯೇ ಅಳೆಯಿರಿ. ಸಾಕೆಟ್ಟಿನಲ್ಲಿ ವೋಲ್ಟೇಜ್ ಇದ್ದು ಕಾಲಿನಲ್ಲಿ ಇಲ್ಲ ಅಂದರೆ ಕಾಲು ಮಡಚಿಕೊಂಡಿದೆ ಅಥವಾ ಸಾಕೆಟ್ ಸಡಿಲ.

ಪ್ಲಸ್ 12 ಕೊಡುವ ರೆಗ್ಯುಲೇಟರ್ 7812, ಮೈನಸ್ 12 ಕೊಡುವುದು 7912. ಪ್ಲಸ್ ಇದೆ, ಮೈನಸ್ ಇಲ್ಲ ಅಂದರೆ 7912 ಕಡೆ ನೋಡಿ. ಹೊಸದಾಗಿ ಕಟ್ಟಿದ ಬೋರ್ಡುಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು ಇದು: 7812ರ ಕಾಲುಗಳು ಎಡದಿಂದ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. 7912ರಲ್ಲಿ ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ಎರಡೂ ನೋಡೋಕೆ ಒಂದೇ ಥರ. ಜೊತೆಗೆ 7912ರ ಲೋಹದ ಬೆನ್ನು ಇನ್‌ಪುಟ್ಟಿಗೆ ಸೇರಿರುತ್ತದೆ, 7812ರದ್ದು ಗ್ರೌಂಡಿಗೆ. ಎರಡನ್ನೂ ಮೈಕಾ ಶೀಟ್ ಇಲ್ಲದೆ ಒಂದೇ ಹೀಟ್‌ಸಿಂಕಿಗೆ ಬಿಗಿದರೆ ಮೈನಸ್ ಸಪ್ಲೈ ಶಾರ್ಟ್ ಆಗುತ್ತದೆ.

ಎರಡೂ ವೋಲ್ಟೇಜ್ ಸರಿ ಇದ್ದರೆ, ಪಿನ್ 1 ಮತ್ತು 7 ನೋಡಿ. ಸಿಗ್ನಲ್ ಇಲ್ಲದಾಗ ಎರಡೂ ಸೊನ್ನೆಯ ಹತ್ತಿರ, ಕೆಲವು ಮಿಲಿವೋಲ್ಟ್ ಒಳಗೆ ಇರಬೇಕು. ಹತ್ತು ಹನ್ನೊಂದು ವೋಲ್ಟ್ ತೋರಿಸುತ್ತಿದ್ದರೆ ಆ ಆಪ್‌ಆಂಪ್ ಒಂದು ಕಡೆಗೆ ಸಿಕ್ಕಿಕೊಂಡಿದೆ. ಆಗಲೂ ಐಸಿ ಕೀಳಬೇಡಿ. ಪಿನ್ 5 ಮತ್ತು 6ರ ನಡುವೆ ಅಳೆಯಿರಿ. ಆಪ್‌ಆಂಪಿನ ಎರಡು ಇನ್‌ಪುಟ್ ನಡುವೆ ವ್ಯತ್ಯಾಸ ಇರಲೇಬಾರದು. ಪಿನ್ 6ಕ್ಕಿಂತ ಪಿನ್ 5 ಕೆಳಗಿದೆ, ಆದರೂ ಔಟ್‌ಪುಟ್ ಪ್ಲಸ್ ಕಡೆಗೆ ಅಂಟಿಕೊಂಡಿದೆ ಅಂದರೆ ಆಗ ಐಸಿ ಸತ್ತಿದೆ. ಪಿನ್ 5 ಮೇಲಿದೆ, ಔಟ್‌ಪುಟ್ಟೂ ಮೇಲಿದೆ ಅಂದರೆ ಐಸಿ ಹೇಳಿದ ಮಾತು ಕೇಳುತ್ತಿದೆ, ಅದರ ಸುತ್ತಲಿನದೇ ಏನೋ ತಪ್ಪಿದೆ. ಮೊದಲು 27 ಕೆ ಸೋಲ್ಡರ್ ನೋಡಿ. ಅದು ಬಿಟ್ಟುಕೊಂಡರೆ ಫೀಡ್‌ಬ್ಯಾಕ್ (ಔಟ್‌ಪುಟ್ಟಿನಿಂದ ಇನ್‌ಪುಟ್ಟಿಗೆ ವಾಪಸ್ ಬರುವ ದಾರಿ) ಇರುವುದಿಲ್ಲ.

“ಆನ್ ಮಾಡಿದಾಗ ಚೆನ್ನಾಗಿರುತ್ತೆ, ಸ್ವಲ್ಪ ಹೊತ್ತಿಗೆ ದನಿ ಹರಿದು ನಿಂತೇ ಹೋಗುತ್ತೆ”

ಇದು ಬಹುತೇಕ ಆ 100 ಕೆ ರೆಸಿಸ್ಟರ್. ಪಿನ್ 3ಕ್ಕೆ ಕೆಪಾಸಿಟರ್ ಮೂಲಕ ಸಿಗ್ನಲ್ ಬರುತ್ತದೆ, ಕೆಪಾಸಿಟರಿನಲ್ಲಿ ಡಿಸಿ ಹರಿಯುವುದಿಲ್ಲ. ಆ ರೆಸಿಸ್ಟರ್ ಹಾಕದಿದ್ದರೆ ಅಥವಾ ಡ್ರೈ ಸೋಲ್ಡರ್ ಆಗಿದ್ದರೆ (ಸೋಲ್ಡರ್ ಸರಿಯಾಗಿ ಹಿಡಿಯದಿದ್ದರೆ) ಪಿನ್ 3 ತೇಲುತ್ತಾ ತೇಲುತ್ತಾ ಒಂದು ಕೊನೆಗೆ ಹೋಗಿ ನಿಲ್ಲುತ್ತದೆ. ಪಿನ್ 1ರ ಮೇಲೆ ಮೀಟರ್ ಹಿಡಿದು ಕಾಯಿರಿ. ವೋಲ್ಟೇಜ್ ನಿಧಾನಕ್ಕೆ ಏರುವುದು ಕಣ್ಣೆದುರೇ ಕಾಣುತ್ತದೆ. ಪಿನ್ 3ಕ್ಕೆ ಮೀಟರ್ ಮೊನೆ ಮುಟ್ಟಿಸಿ ಸ್ವಲ್ಪ ಹೊತ್ತು ಹಿಡಿದರೆ ಸರಿಹೋಗುತ್ತದೆ, ಯಾಕೆಂದರೆ ಮೀಟರಿನ ಒಳಗಿನ ರೆಸಿಸ್ಟೆನ್ಸೇ ಆ ದಾರಿ ಒದಗಿಸುತ್ತದೆ. “ಮುಟ್ಟಿದ್ರೆ ಸರಿಹೋಗುತ್ತೆ, ಬಿಟ್ರೆ ಕೆಡುತ್ತೆ” ಅನ್ನುವ ಬೋರ್ಡುಗಳಲ್ಲಿ ಎಷ್ಟೋ ಇದೇ.

“ನಾಬ್ ತಿರುಗಿಸಿದರೆ ಏನೂ ಬದಲಾಗಲ್ಲ, ಅಥವಾ ಅರ್ಧ ಮಾತ್ರ ಬದಲಾಗುತ್ತೆ”

ಈ ಭಾಗ ಸ್ವಲ್ಪ ಉದ್ದ. ಕೆಲಸ ಇರುವುದೇ ಇಲ್ಲಿ.

ಮೊದಲು ಇದು ನಿಜಕ್ಕೂ ದೋಷವಾ ನೋಡಿ. ಪಾಟ್ ಲೀನಿಯರ್ ಆಗಿದ್ದರೆ (ಮೇಲೆ ಬಿ 50 ಕೆ ಅಂತ ಇರುತ್ತದೆ) ನಾಬ್ 38 ಹರ್ಟ್ಜ್‌ನಿಂದ ಶುರುವಾಗಿ ನಡುವಿಗೆ ಬಂದಾಗ ಕಟ್‌ಆಫ್ 63 ಹರ್ಟ್ಜ್ ಮಾತ್ರ. ಮುಕ್ಕಾಲು ಭಾಗಕ್ಕೆ ಬಂದಾಗ 95ರ ಸುಮಾರು. ಉಳಿದ ಕಾಲು ಭಾಗದಲ್ಲೇ 95ರಿಂದ 195ಕ್ಕೆ ಓಡಿಹೋಗುತ್ತದೆ. ಹಾಗಾಗಿ “ಮೊದಲೆಲ್ಲ ಏನೂ ಆಗಲ್ಲ, ಕೊನೆಗೆ ಒಂದೇ ಸಲ ಬದಲಾಗುತ್ತೆ” ಅನ್ನುವುದು ಕೆಟ್ಟಿರುವುದಲ್ಲ, ಲೆಕ್ಕ ಇರುವುದೇ ಹಾಗೆ. ಬೇಡ ಅಂದರೆ ರಿವರ್ಸ್ ಲಾಗ್ ಪಾಟ್ ಹಾಕಬೇಕು, ಅದರ ಮೇಲೆ ಸಿ ಅಕ್ಷರ ಇರುತ್ತದೆ. ನಮ್ಮ ಊರಿನ ಅಂಗಡಿಗಳಲ್ಲಿ ಸುಲಭಕ್ಕೆ ಸಿಗಲ್ಲ. ಸಿಗುವುದು ಎ ಪಾಟ್, ಅಂದರೆ ಮಾಮೂಲಿ ಲಾಗ್. ಅದನ್ನು ಉಲ್ಟಾ ವೈರ್ ಮಾಡಿ, ನಾಬ್ ಎಡಕ್ಕೆ ತಿರುಗಿಸಿದಾಗ ಕಟ್‌ಆಫ್ ಏರುವಂತೆ ಮಾಡಿಕೊಂಡರೆ ಹಂಚಿಕೆ ಚೆನ್ನಾಗಿ ಬರುತ್ತದೆ. ಡಬ್ಬಿಯ ಮೇಲೆ ಅಂಕಿ ಬರೆಯುವಾಗ ನೆನಪಿಟ್ಟುಕೊಂಡರೆ ಸಾಕು.

ಈಗ ನಿಜವಾದ ದೋಷ. ಪ್ಲಗ್ ಕಿತ್ತು, ಪಾಟಿನ ಎರಡೂ ಭಾಗಗಳನ್ನು ಓಮ್ ಮೀಟರಿನಲ್ಲಿ ಅಳೆಯಿರಿ. ಪಾಟ್ ಬೋರ್ಡಿನಲ್ಲಿ ಇದ್ದ ಹಾಗೇ ಅಳೆದರೆ ಸುತ್ತಲಿನದೂ ಸೇರಿಕೊಳ್ಳುತ್ತದೆ, ಆದ್ದರಿಂದ ಒಂದೊಂದು ಕಾಲಾದರೂ ಬಿಡಿಸಿ. ಎರಡು ಕೊನೆ, ಮಧ್ಯ, ಹೀಗೆ ಮೂರ್ನಾಲ್ಕು ಜಾಗದಲ್ಲಿ ಎರಡೂ ಭಾಗದ ಬೆಲೆ ಪಕ್ಕಪಕ್ಕ ಬರೆದುಕೊಳ್ಳಿ. ಹತ್ತು ಪರ್ಸೆಂಟ್ ಒಳಗಿನ ವ್ಯತ್ಯಾಸ ವೂಫರಿಗೆ ನಡೆಯುತ್ತದೆ. ಒಂದು ಭಾಗ ಬದಲಾಗುತ್ತಿದ್ದು ಇನ್ನೊಂದು 50 ಕೆಯಲ್ಲೇ ನಿಂತಿದ್ದರೆ, ನಾಬ್ ಎಷ್ಟೇ ತಿರುಗಿಸಿದರೂ ಕಟ್‌ಆಫ್ 86 ಹರ್ಟ್ಜ್ ದಾಟುವುದಿಲ್ಲ. 195 ಬರಬೇಕಾದ ಕಡೆ 86ಕ್ಕೇ ನಿಂತಿತು ಅಂದರೆ ಒಂದು ಭಾಗ ಅಲ್ಲಾಡುತ್ತಿಲ್ಲ ಅಂತಲೇ ಅರ್ಥ.

ಅಳೆಯೋದು ಹೇಗೆ ಅಂದರೆ, ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ, ಹೆಡ್‌ಫೋನ್ ಜಾಕಿನಿಂದ ಬೋರ್ಡಿಗೆ ಕೊಡಿ. ನಾಬನ್ನು 195ರ ಕೊನೆಗೆ ಇಡಿ. 30 ಹರ್ಟ್ಜ್ ಕೊಟ್ಟು ಔಟ್‌ಪುಟ್ಟನ್ನು ಮೀಟರಿನ ಎಸಿ ಮಿಲಿವೋಲ್ಟಿನಲ್ಲಿ ನೋಡುತ್ತಾ, ಫೋನಿನ ವಾಲ್ಯೂಮ್ ಸರಿಮಾಡಿ 500 ಮಿಲಿವೋಲ್ಟ್ ಬರುವಂತೆ ಮಾಡಿ. ಆಮೇಲೆ ವಾಲ್ಯೂಮ್ ಮುಟ್ಟದೆ ಟೋನ್ ಮಾತ್ರ ಏರಿಸುತ್ತಾ ಹೋಗಿ. ಮೀಟರ್ 353 ತೋರಿಸಿದ ಜಾಗವೇ ಕಟ್‌ಆಫ್. ಅದರ ಎರಡು ಪಟ್ಟು ಟೋನ್ ಕೊಟ್ಟಾಗ ಔಟ್‌ಪುಟ್ ಸುಮಾರು ಕಾಲು ಭಾಗಕ್ಕೆ, ಅಂದರೆ 120 ಮಿಲಿವೋಲ್ಟಿನ ಹತ್ತಿರಕ್ಕೆ ಇಳಿಯಬೇಕು. ಕಡಿಮೆ ಬೆಲೆಯ ಮೀಟರುಗಳೂ 400 ಹರ್ಟ್ಜ್ ತನಕ ಎಸಿಯನ್ನು ಸುಮಾರಾಗಿ ಸರಿಯಾಗೇ ತೋರಿಸುತ್ತವೆ, ಈ ಕೆಲಸಕ್ಕೆ ಅಷ್ಟು ಸಾಕು.

ಕಾಲು ಭಾಗದ ಬದಲು ಅರ್ಧಕ್ಕಿಂತ ಸ್ವಲ್ಪ ಕೆಳಗೆ ನಿಂತರೆ, ಮತ್ತು ಕಟ್‌ಆಫ್ ಕೂಡ 195ರ ಬದಲು 97ರ ಆಸುಪಾಸಿನಲ್ಲಿ ಸಿಕ್ಕರೆ, ಪಿನ್ 7ರಿಂದ ನಡುವಿಗೆ ಬರುವ ಕೆಪಾಸಿಟರ್ ಬಿಟ್ಟುಕೊಂಡಿದೆ. ಆಗ ಎರಡು ರೆಸಿಸ್ಟೆನ್ಸ್ ಸೇರಿ ಒಂದೇ ಆಗಿ, ಉಳಿದ ಒಂದೇ ಕೆಪಾಸಿಟರಿನ ಜೊತೆ ಕೆಲಸ ಮಾಡುತ್ತವೆ. ಫಿಲ್ಟರ್ ಅರ್ಧ ಸತ್ತು ಅರ್ಧ ಬದುಕಿರುವುದು ಅಂದರೆ ಇದೇ. ಕಿವಿಗೆ “ಏನೋ ಸರಿ ಇಲ್ಲ” ಅಂತ ಮಾತ್ರ ಅನ್ನಿಸುತ್ತದೆ, ಅಳೆದರೆ ತಕ್ಷಣ ಸಿಕ್ಕಿಬೀಳುತ್ತದೆ.

“ವೂಫರಿನಲ್ಲಿ ಹಾಡುವವರ ದನಿ ಕೇಳ್ತಿದೆ”

ಕೆಪಾಸಿಟರ್ ಮೇಲಿನ ಅಂಕಿ ಓದಿ. 68 ನ್ಯಾನೋಫ್ಯಾರಡಿಗೆ 683 ಅಂತ ಇರುತ್ತದೆ. 682 ಹಾಕಿದ್ದರೆ ಅದು 6.8 ನ್ಯಾನೋ, ಕಟ್‌ಆಫ್ ಹತ್ತು ಪಟ್ಟು ಮೇಲೆ, 1950 ಹರ್ಟ್ಜ್ ತನಕ. ಮಾತು, ಹಾಡು ಎಲ್ಲಾ ದಾಟುತ್ತದೆ. 684 ಹಾಕಿದ್ದರೆ ಉಲ್ಟಾ, ಬೇಸೇ ಇರುವುದಿಲ್ಲ.

ಅಂಕಿ ಸರಿ ಇದ್ದರೂ ಬೆಲೆ ಸರಿ ಇರಬೇಕಂತಿಲ್ಲ. ಬಿಲ್ಲೆ ಥರ ಇರುವ ಅಗ್ಗದ ಸೆರಾಮಿಕ್ ಕೆಪಾಸಿಟರುಗಳನ್ನು ಈ ಜಾಗಕ್ಕೆ ಹಾಕಲೇಬೇಡಿ. ವೈ5ವಿ ಜಾತಿಯವು ಬಿಸಿ, ಚಳಿಗೆ ಬರೆದ ಬೆಲೆಯಿಂದ 82 ಪರ್ಸೆಂಟ್ ತನಕ ಕೆಳಗೆ ಇಳಿಯಬಹುದು. ಏಪ್ರಿಲ್ ಮಧ್ಯಾಹ್ನ ಪಾವಗಡದ ಬಿಸಿಲಿನಲ್ಲಿ ನಿಂತ ಲಾರಿಯೊಳಗಿನ ಬೋರ್ಡ್ ಒಂದು ಥರ, ರಾತ್ರಿ ಕಾರ್ಯಕ್ರಮದಲ್ಲಿ ಇನ್ನೊಂದು ಥರ ಕೇಳಿಸಿದರೆ ಮೊದಲು ಅನುಮಾನ ಪಡಬೇಕಾದ್ದು ಇವನ್ನೇ. ಡಬ್ಬಿ ಆಕಾರದ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್, 5 ಪರ್ಸೆಂಟಿನದು ಹಾಕಿ. ಬೆಲೆ ಸ್ವಲ್ಪ ಜಾಸ್ತಿ, ಆದರೆ ಇಲ್ಲಿ ಉಳಿತಾಯ ಮಾಡಬಾರದು.

“ಒಂದೇ ಸ್ವರಕ್ಕೆ ಗುಂಯ್ ಅನ್ನುತ್ತೆ”

ತಮಟೆ, ಡೊಳ್ಳಿನ ಪೆಟ್ಟು ಬಿದ್ದಾಗ ಎಲ್ಲ ಪೆಟ್ಟೂ ಒಂದೇ ಥರ ಎಳೆದುಕೊಂಡು ಕೇಳಿಸುತ್ತದಾ? ನಾಬ್ ತಿರುಗಿಸಿ. ಆ ಗುಂಯ್ ಅನ್ನುವ ಸ್ವರವೂ ನಾಬಿನ ಜೊತೆ ಏರಿ ಇಳಿದರೆ ದೋಷ ಫಿಲ್ಟರಿನಲ್ಲಿ. ಸ್ವರ ಅಲ್ಲೇ ನಿಂತಿದ್ದರೆ ಅದು ಬಾಕ್ಸಿನದೋ, ಹಾಲಿನದೋ ಗುಣ. ಬೋರ್ಡನ್ನು ಬಿಟ್ಟು ಸ್ಪೀಕರಿನ ಜಾಗ ಬದಲಾಯಿಸಿ ನೋಡಿ.

ನಾಬಿನ ಜೊತೆ ಹೋಗುತ್ತಿದ್ದರೆ 27 ಕೆ ಮತ್ತು 47 ಕೆ ಅದಲುಬದಲಾಗಿವೆಯಾ ನೋಡಿ. ಎರಡರ ಬಣ್ಣದ ಪಟ್ಟಿಯಲ್ಲಿ ವ್ಯತ್ಯಾಸ ಮೊದಲನೆಯದು ಮಾತ್ರ: 27 ಕೆಗೆ ಕೆಂಪು, 47 ಕೆಗೆ ಹಳದಿ. ಉಳಿದದ್ದೆಲ್ಲ ಒಂದೇ. ಸರಿಯಾಗಿ ಹಾಕಿದರೆ ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಅನ್ನುವ ಅಂಕಿ) 1.57, ಕ್ಯೂ (ಕಟ್‌ಆಫ್ ಹತ್ತಿರ ಸದ್ದು ಎಷ್ಟು ಎದ್ದು ನಿಲ್ಲುತ್ತದೆ ಅನ್ನುವ ಅಂಕಿ) 0.7, ನಾದ ನಯವಾಗಿ ಇಳಿಯುತ್ತದೆ. ಅದಲುಬದಲಾದರೆ ಗೇನ್ 2.74, ಕ್ಯೂ ನಾಲ್ಕರ ಹತ್ತಿರ. ಕಟ್‌ಆಫ್ ಜಾಗದಲ್ಲಿ ಗುಡ್ಡದ ಹಾಗೆ ಎದ್ದು ನಿಲ್ಲುತ್ತದೆ. ಈ ಸರ್ಕ್ಯೂಟಿನಲ್ಲಿ ಗೇನ್ 3 ಮುಟ್ಟಿದರೆ ಸಿಗ್ನಲ್ ಇಲ್ಲದೆಯೂ ತಾನೇ ಕೂಗಲು ಶುರುಮಾಡುತ್ತದೆ. ಆದ್ದರಿಂದ “ಇನ್ನೂ ಸ್ವಲ್ಪ ಬೇಸ್ ಬರಲಿ” ಅಂತ ಈ ಎರಡು ರೆಸಿಸ್ಟರ್ ಬದಲಾಯಿಸಿ ಗೇನ್ ಏರಿಸಬೇಡಿ. ಬೇಸ್ ಬೇಕಾದರೆ ಮುಂದಿನ ಹಂತದಲ್ಲಿ ಏರಿಸಿ. ಕ್ಯೂ ಬೇರೆ, ಕಟ್‌ಆಫ್ ಬೇರೆ ನಾಬಿನಲ್ಲಿ ತಿರುಗಿಸುವ ಆಸೆ ಇದ್ದರೆ ಸ್ಟೇಟ್ ವೇರಿಯಬಲ್ ಫಿಲ್ಟರ್ ಕಟ್ಟಬೇಕು. ಇದಕ್ಕಿಂತ ಆಪ್‌ಆಂಪ್ ಜಾಸ್ತಿ ಬೇಕು, ಆದರೆ ಆ ಕೆಲಸಕ್ಕೆ ಅದೇ ಸರಿ.

“ನಾಬ್ ತಿರುಗಿಸುವಾಗ ಕರಕರ ಸದ್ದು”

ಪಾಟ್ ಒಳಗೆ ಧೂಳು ಅಂತ ಎಲ್ಲರಿಗೂ ಗೊತ್ತು. ಕೊಬ್ಬರಿ ಸುಲಿಯುವ ಶೆಡ್ಡಿನಲ್ಲಿ ಇಟ್ಟ ಸೆಟ್ಟಾದರೆ ನಾರಿನ ಧೂಳು ಹೋಗಿಯೇ ಇರುತ್ತದೆ. ಪವರ್ ಆಫ್ ಮಾಡಿ, ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಬಿಟ್ಟು, ನಾಬನ್ನು ಇಪ್ಪತ್ತು ಮೂವತ್ತು ಸಲ ತಿರುಗಿಸಿ, ಪೂರ್ತಿ ಒಣಗಿದ ಮೇಲೆ ಆನ್ ಮಾಡಿ. ಪೆಟ್ರೋಲು, ಅಡುಗೆ ಎಣ್ಣೆ ಹಾಕಬೇಡಿ.

ಹೊಸ ಪಾಟ್ ಹಾಕಿದರೂ ಕರಕರ ನಿಲ್ಲಲಿಲ್ಲವಾ? ಆಗ ಐಸಿ ಯಾವುದು ನೋಡಿ. “ಇದು ಅದಕ್ಕಿಂತ ಒಳ್ಳೇದು” ಅಂತ ಯಾರೋ ಟಿಎಲ್ 072 ತೆಗೆದು ಎನ್‌ಇ 5532 ಹಾಕಿರುತ್ತಾರೆ. 5532 ನಿಜಕ್ಕೂ ಒಳ್ಳೆಯ ಐಸಿ, ಕಾಲುಗಳೂ ಅವೇ, ಆದರೆ ಈ ಜಾಗಕ್ಕಲ್ಲ. ಅದರ ಇನ್‌ಪುಟ್ ಸುಮಾರು 200 ನ್ಯಾನೋಆಂಪಿಯರ್ ಕರೆಂಟ್ ಎಳೆಯುತ್ತದೆ. ಆ ಕರೆಂಟ್ ಹರಿಯುವುದು ಪಾಟ್ ಮೂಲಕವೇ. ಎರಡು ರೆಸಿಸ್ಟೆನ್ಸ್ ಸೇರಿ 124 ಕೆ ಇದ್ದಾಗ ಅಲ್ಲಿ 25 ಮಿಲಿವೋಲ್ಟ್ ಡಿಸಿ, 24 ಕೆಗೆ ಇಳಿದಾಗ 5 ಮಿಲಿವೋಲ್ಟ್. ನಾಬ್ ತಿರುಗಿಸಿದಷ್ಟೂ ಡಿಸಿ ಕುಣಿಯುತ್ತದೆ, ಅದೇ ಕರಕರ. ಟಿಎಲ್ 072ರ ಇನ್‌ಪುಟ್ಟಿನಲ್ಲಿ ಜೆಫೆಟ್ ಅನ್ನುವ ಜಾತಿಯ ಟ್ರಾನ್ಸಿಸ್ಟರ್ ಇರುವುದರಿಂದ ಎಳೆಯುವುದು ಪಿಕೋಆಂಪಿಯರ್ ಲೆಕ್ಕದಲ್ಲಿ. ನಾಬ್ ತಿರುಗಿಸುತ್ತಾ ಪಿನ್ 7ರ ಡಿಸಿ ಅಳೆದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

“ಹಮ್ಮಿಂಗ್ ಬರ್ತಿದೆ”

ಇನ್‌ಪುಟ್ ಕೇಬಲ್ ಕೀಳಿ. ನಿಂತರೆ ಹಮ್ ಹೊರಗಿಂದ ಬರುತ್ತಿದೆ. ನಿಲ್ಲದಿದ್ದರೆ ನಾಬ್ ತಿರುಗಿಸಿ. 195ರ ಕಡೆ ಜೋರಾಗಿದ್ದು 38ರ ಕಡೆ ಕಡಿಮೆಯಾದರೆ ಅದು ಫಿಲ್ಟರಿನ ಮುಂಚೆಯೇ ಸೇರಿಕೊಳ್ಳುತ್ತಿದೆ: ಬಫರ್, ಇನ್‌ಪುಟ್ ವೈರ್, ಪಾಟಿನ ಲೋಹದ ಮೈಗೆ ಗ್ರೌಂಡ್ ಕೊಡದಿರುವುದು. ನಾಬ್ ಏನೇ ಮಾಡಿದರೂ ಹಮ್ ಹಾಗೇ ಇದ್ದರೆ ಫಿಲ್ಟರ್ ಆದ ಮೇಲೆ ಅಥವಾ ಪವರ್ ಆಂಪ್ಲಿಫೈಯರಿನಲ್ಲಿ.

ಆಮೇಲೆ ಹಮ್ಮಿನ ಸ್ವರ. ಟೋನ್ ಆ್ಯಪಿನಲ್ಲಿ 50 ಮತ್ತು 100 ಹರ್ಟ್ಜ್ ಎರಡನ್ನೂ ಕೇಳಿ ಹೋಲಿಸಿ. 50 ಆದರೆ ಗ್ರೌಂಡ್ ಲೂಪ್ (ಎರಡು ಸಲಕರಣೆಗಳ ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಆದ ಸುತ್ತು), ಅಥವಾ ಟ್ರಾನ್ಸ್‌ಫಾರ್ಮರ್ ಪಕ್ಕ ಹಾದುಹೋದ ವೈರ್. 100 ಆದರೆ ಸಪ್ಲೈಯ ರಿಪಲ್, ಅಂದರೆ ಡಿಸಿಯಲ್ಲಿ ಉಳಿದ ಏರಿಳಿತ.

ಸಂಜೆ ಮಾತ್ರ ಹಮ್ ಬರುತ್ತೆ, ಬೆಳಿಗ್ಗೆ ಇರಲ್ಲ ಅನ್ನುವವರೂ ಇದ್ದಾರೆ. ಊರ ಕಡೆ ಬೋರ್‌ವೆಲ್ ಮೋಟರುಗಳು ಓಡುವಾಗ ವೋಲ್ಟೇಜ್ ಇಳಿಯುತ್ತದೆ ಅಲ್ವಾ, ಅದರದ್ದೇ ಪರಿಣಾಮ. 12-0-12 ಟ್ರಾನ್ಸ್‌ಫಾರ್ಮರ್ ಹಾಕಿ, ಲೈನ್ 180 ವೋಲ್ಟಿಗೆ ಇಳಿದರೆ, 7812ರ ಇನ್‌ಪುಟ್ಟಿಗೆ ಸಿಗುವುದು 12.6 ವೋಲ್ಟ್ ಆಸುಪಾಸು. ಅದಕ್ಕೆ ಬೇಕಾದದ್ದು 14ಕ್ಕಿಂತ ಜಾಸ್ತಿ. ರೆಗ್ಯುಲೇಟರ್ ಕೈಬಿಡುತ್ತದೆ, ರಿಪಲ್ ಸೀದಾ ಒಳಗೆ ಬರುತ್ತದೆ. 15-0-15 ಹಾಕಿದರೆ ಅದೇ 180ರಲ್ಲೂ 15.9 ಸಿಗುತ್ತದೆ, ತೊಂದರೆ ಇಲ್ಲ.

ಒಂದು ವಿಷಯ ಕಡ್ಡಾಯ. ಹಮ್ ನಿಲ್ಲಿಸೋಕೆ ಅಂತ ಮೂರು ಪಿನ್ ಪ್ಲಗ್ಗಿನ ಅರ್ತ್ ಪಿನ್ ಕಿತ್ತುಹಾಕುವವರನ್ನು ನೋಡಿದ್ದೀನಿ. ಹಮ್ ನಿಲ್ಲುತ್ತದೆ ನಿಜ. ಆದರೆ ಟ್ರಾನ್ಸ್‌ಫಾರ್ಮರ್ ಲೀಕ್ ಆದ ದಿನ ಮೈಕ್ ಹಿಡಿದವರ ಕೈಗೆ 230 ವೋಲ್ಟ್ ಬರುತ್ತದೆ. ಮಳೆ ಬಂದ ನೆಲ, ಕಬ್ಬಿಣದ ಸ್ಟೇಜ್. ಯಾವ ಕಾರಣಕ್ಕೂ ಬೇಡ. ಗ್ರೌಂಡ್ ಲೂಪ್ ಮುರಿಯೋಕೆ ಸಿಗ್ನಲ್ ದಾರಿಯಲ್ಲಿ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ.

“ಐಸಿ ಬಿಸಿ, ಸಣ್ಣ ದನಿಯಲ್ಲೂ ಒಡೆದ ಸದ್ದು”

ಟಿಎಲ್ 072 ಬೆರಳಿಗೆ ಬಿಸಿ ತಾಗುವಷ್ಟು ಕರೆಂಟ್ ಎಳೆಯುವುದಿಲ್ಲ. ಬಿಸಿ ಆಗ್ತಿದೆ ಅಂದರೆ ಉಲ್ಟಾ ಕೂರಿಸಿದ್ದೀರಿ, ಇಲ್ಲಾ ಕಿವಿಗೆ ಕೇಳದ ಮೇಲಿನ ಫ್ರೀಕ್ವೆನ್ಸಿಯಲ್ಲಿ ಅದು ಕೂಗುತ್ತಿದೆ. ಪಿನ್ 8 ಮತ್ತು 4ರಿಂದ ಗ್ರೌಂಡಿಗೆ 104 (100 ನ್ಯಾನೋಫ್ಯಾರಡ್) ಕೆಪಾಸಿಟರ್ ಒಂದೊಂದು, ಐಸಿಗೆ ಅಂಟಿಕೊಂಡಷ್ಟು ಹತ್ತಿರ ಇರಬೇಕು. ಈ ಜಾಗಕ್ಕೆ ಸೆರಾಮಿಕ್ಕೇ ಸರಿ. ಉದ್ದ ಕೇಬಲ್ ಸಿಕ್ಕಿಸಿದಾಗ ಮಾತ್ರ ಹೀಗಾಗುತ್ತಿದ್ದರೆ ಪಿನ್ 7ರಿಂದ ಔಟ್‌ಪುಟ್ ಜಾಕಿಗೆ ಹೋಗುವ ದಾರಿಯಲ್ಲಿ 100 ಓಮ್ ಸೇರಿಸಿ, ಫೀಡ್‌ಬ್ಯಾಕ್ ದಾರಿಯ ಹೊರಗೆ. ಮಿಕ್ಸರ್ ಕೆಂಪು ಲೈಟ್ ಉರಿಯುವಾಗ ಮಾತ್ರ ಒಡೆದರೆ ಬೋರ್ಡಿನದು ತಪ್ಪಲ್ಲ, ಮಿಕ್ಸರ್ ಇಳಿಸಿ.

ಎಲ್ಲಿ ನಿಲ್ಲಿಸಬೇಕು

ಫಿಲ್ಟರ್ ಬೋರ್ಡ್ ಬಿಡಿಸಿಟ್ಟ ಮೇಲೂ ಆಂಪ್ಲಿಫೈಯರಿನ ಸ್ಪೀಕರ್ ಟರ್ಮಿನಲ್ಲಿನಲ್ಲಿ ಡಿಸಿ ಇದ್ದರೆ, ಫ್ಯೂಸ್ ಹಾಕಿದ ತಕ್ಷಣ ಹೋಗುತ್ತಿದ್ದರೆ, ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ಲೈನ್ ಕಡಿಯುವ ಸ್ವಿಚ್) ಬೀಳುತ್ತಿದ್ದರೆ, ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ಬಂದರೆ, ಅಲ್ಲಿಗೆ ನಿಲ್ಲಿಸಿ. ಹೆಚ್ಚು ರೇಟಿಂಗಿನ ಫ್ಯೂಸ್ ಹಾಕಿ ನೋಡುವುದು ಬೇಡ. ಎಸ್‌ಎಂಪಿಎಸ್ (ದೊಡ್ಡ ಟ್ರಾನ್ಸ್‌ಫಾರ್ಮರ್ ಬದಲು ಇರುವ ಸ್ವಿಚಿಂಗ್ ಪವರ್ ಸಪ್ಲೈ) ಇರುವ ಸೆಟ್ಟಿನಲ್ಲಿ ಮೈನ್ಸ್ ಕಡೆಯ ಕೆಪಾಸಿಟರಿನಲ್ಲಿ 320 ವೋಲ್ಟಿನಷ್ಟು ಡಿಸಿ ಇರುತ್ತದೆ, ಅಭ್ಯಾಸ ಇಲ್ಲದವರು ಅದರ ಮುಚ್ಚಳವನ್ನೇ ತೆಗೆಯಬಾರದು. ಇವೆಲ್ಲ ಸೀರೀಸ್ ಬಲ್ಬ್ ಬೋರ್ಡ್ (ಶಾರ್ಟ್ ಇದ್ದರೂ ಕರೆಂಟ್ ಮಿತಿಯಲ್ಲಿರುವಂತೆ ಬಲ್ಬ್ ಮೂಲಕ ಸಪ್ಲೈ ಕೊಡುವ ಬೋರ್ಡ್) ಇಟ್ಟುಕೊಂಡಿರುವ ಪವರ್ ಆಂಪ್ಲಿಫೈಯರ್ ಮೆಕ್ಯಾನಿಕ್ ಕೆಲಸ.

ಮೆಕ್ಯಾನಿಕ್ ಹತ್ತಿರ ಒಯ್ಯುವಾಗ ಐಸಿಯ ಎಂಟು ಪಿನ್ನಿನ ಡಿಸಿ ವೋಲ್ಟೇಜ್, ಪಾಟಿನ ಎರಡೂ ಭಾಗ ಅಳೆದ ಬೆಲೆ, ಸಿಕ್ಕ ಕಟ್‌ಆಫ್ ಒಂದು ಚೀಟಿಯಲ್ಲಿ ಬರೆದು ಬೋರ್ಡಿನ ಜೊತೆ ಕೊಡಿ. ಅಳೆಯುವಾಗ ನಾಬ್ ಯಾವ ಕೊನೆಯಲ್ಲಿತ್ತು ಅಂತಲೂ ಬರೆಯಿರಿ.